ಮುತ್ತಜ್ಜನ ಟ್ರಂಕಿನಲ್ಲಿ ಉದ್ದ ಕಿವಿಯ ಕಾರ್ಟೂನ್ ರೀಲು ಸಿಕ್ಕಿದೆ, ಯಾರಿಗಾದರೂ ಗುರುತು ಸಿಗುತ್ತದಾ?

ನವನಗರದ_ಹುಡುಗಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಹಳೇ ಬಾಗಲಕೋಟೆ. ಆಲಮಟ್ಟಿ ಹಿನ್ನೀರು ಬಂದಾಗ ನಮ್ಮ ವಾಡೆ ಮುಳುಗಡೆಗೆ ಹೋಯಿತು. ಮನೆಯವರೆಲ್ಲ ನವನಗರಕ್ಕೆ ಬಂದರು. ಆಗ ನಾನು ಹುಟ್ಟಿರಲಿಲ್ಲ. ಬಾಗಿಲು, ತೊಲೆ, ಕಿಟಕಿ ಎಲ್ಲ ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದರಂತೆ. ಅದರ ಜೊತೆ ಬಂದ ಒಂದು ಕಬ್ಬಿಣದ ಟ್ರಂಕು ಇಷ್ಟು ವರ್ಷ ಮೇಲಿನ ಕೋಣೆಯಲ್ಲಿ ಹಳೇ ಹಾಸಿಗೆಗಳ ಅಡಿ ಬಿದ್ದಿತ್ತು. ಕೀಲಿ ಎಲ್ಲೋ ಕಳೆದಿತ್ತು. ಹೋದ ವಾರ ಹೊಲದ ಹಳೇ ಉತಾರ ಹುಡುಕಬೇಕೆಂದು ಅಪ್ಪ ಬೀಗ ಒಡೆಸಿದರು.

ಉತಾರ ಸಿಗಲಿಲ್ಲ. ಸಿಕ್ಕಿದ್ದು ಕೈಯಿಂದ ತಿರುಗಿಸುವ ಒಂದು ಸಣ್ಣ ತಗಡಿನ ಯಂತ್ರ, ಆರು ಸಣ್ಣ ರೀಲು, ಮತ್ತೆ ಒಂದು ಬಿಸ್ಕೀಟ್ ಡಬ್ಬಿಯಲ್ಲಿ ದಪ್ಪನೆಯ ಇನ್ನೊಂದು ಸುರುಳಿ. ಮುತ್ತಜ್ಜ ಗುಳೇದಗುಡ್ಡದ ಖಣ ತೆಗೆದುಕೊಂಡು ಸೊಲ್ಲಾಪುರ, ಪುಣೆ, ಮುಂಬೈ ಅಂತ ತಿರುಗುತ್ತಿದ್ದವರು. ಮುಂಬೈಯಿಂದಲೇ ತಂದಿರಬೇಕು ಅಂತ ಅಜ್ಜಿ ಹೇಳುತ್ತಾರೆ. ಅಜ್ಜಿಗೆ ಈಗ 88 ವರ್ಷ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಒಂದು ದೀಪಾವಳಿಗೆ, ಪಡಸಾಲೆ ಗೋಡೆಯ ಮೇಲೆ ಬಿಳಿ ಧೋತ್ರ ಕಟ್ಟಿ ಮಾವ ಇದನ್ನು ಬಿಟ್ಟು ತೋರಿಸಿದ್ದರಂತೆ. "ಕಿಳ್ಳೇಕ್ಯಾತರ ಆಟದಂಗ ಇತ್ತವ್ವಾ, ಆದ್ರ ಗೊಂಬಿ ಹಿಡಿಯಾವ್ರು ಯಾರೂ ಇರಲಿಲ್ಲ" ಅಂದರು. (ಕಿಳ್ಳೇಕ್ಯಾತರ ಆಟ ಅಂದರೆ ತೊಗಲುಗೊಂಬೆ ಆಟ.) ಆ ಮಾತು ಕೇಳಿದಾಗಿನಿಂದ ನನಗೆ ಬೇರೆ ಏನೂ ತಲೆಗೆ ಹೋಗುತ್ತಿಲ್ಲ.

ಒಂದು ರೀಲಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಪ್ಪು ಮೈ, ಬಿಳಿ ಮುಖ, ಉದ್ದ ಕಿವಿ. ಮೊಲ ಅನ್ನಿಸುತ್ತದೆ. ಹಿಂದೆ ಒಂದು ಬೇಲಿ, ಒಂದು ಮರ. ಶುರುವಿನ ಭಾಗ ಹರಿದು ಹೋಗಿದೆ, ಹಾಗಾಗಿ ಚಿತ್ರದ ಹೆಸರು ಇಲ್ಲ. ರೀಲಿನ ಡಬ್ಬಿ ಮೇಲೆ ಯಾರೋ ಕೈಯಲ್ಲಿ 'ಮಿಕ್ಕಿ' ಎಂದು ಬರೆದಿದ್ದಾರೆ. ಆದರೆ ಮಿಕ್ಕಿಯ ಕಿವಿ ದುಂಡಗೆ ಅಲ್ವಾ?

ಮೂಕಿ ಕಾಲದ ಎಷ್ಟೋ ಕಾರ್ಟೂನ್ ಸರಣಿಗಳು ಪೂರ್ತಿ ಕಳೆದುಹೋಗಿವೆ ಅಂತ ಓದಿದೆ. ನಮ್ಮ ಟ್ರಂಕಿನಲ್ಲಿ ಅಂಥದ್ದು ಇರಬಹುದು ಅಂತ ಆಸೆಪಡುವುದು ತಪ್ಪಾ? ಪಕ್ಕದ ಮನೆ ಮಾಮಾ "ಮಷೀನಿಗೆ ಹಾಕಿ ತಿರುಗಿಸಿ ನೋಡೋಣು" ಅನ್ನುತ್ತಿದ್ದಾರೆ. ಅಪ್ಪ ಟ್ರಂಕು ಸಮೇತ ಮೋಡಕಾಕ್ಕೆ (ಗುಜರಿಗೆ) ಹಾಕುವ ವಿಚಾರದಲ್ಲಿದ್ದಾರೆ. ಬೇಗ ಯಾರಾದರೂ ಹೇಳಿ.

ಟಿಳಕವಾಡಿ_ಚಿತ್ರಗಾರ, ಬೆಳಗಾವಿ

ಮೊದಲು ಮಾಮಾ ಅವರನ್ನು ತಡೆಯಿರಿ. ಆಮೇಲೆ ಅಪ್ಪನನ್ನು.

ತೊಂಬತ್ತು ವರ್ಷದ ಫಿಲ್ಮು ಒಣಗಿ ಕುಗ್ಗಿರುತ್ತದೆ. ತೂತುಗಳ ನಡುವಿನ ಅಂತರ ಕಮ್ಮಿ ಆಗಿರುತ್ತದೆ, ಯಂತ್ರದ ಹಲ್ಲು ಮಾತ್ರ ಹಳೇ ಅಳತೆಯಲ್ಲೇ ಇರುತ್ತದೆ. ಒಂದು ಸುತ್ತು ತಿರುಗಿಸಿದರೂ ತೂತುಗಳೆಲ್ಲ ಹರಿದುಕೊಂಡು ಹೋಗುತ್ತವೆ. ಕಲಿಯುವ ಕಾಲದಲ್ಲಿ ನಾನೇ ಒಂದು ರೀಲನ್ನು ಹೀಗೆ ಹಾಳು ಮಾಡಿದ್ದೇನೆ, ಇವತ್ತಿಗೂ ನೆನಪಾದರೆ ಸಂಕಟ ಆಗುತ್ತದೆ.

ಈಗ ಅಳತೆ ನೋಡಿ. ಅಗಲ ಹೆಬ್ಬೆರಳಿನಷ್ಟಿದ್ದು ಎರಡೂ ಅಂಚಿನಲ್ಲಿ ಸಣ್ಣ ತೂತು ಇದ್ದರೆ ಅದು 16 ಮಿ.ಮೀ. ಕೊಡಾಕ್ ಕಂಪನಿ 1923ರಲ್ಲಿ ತಂದದ್ದು. ತೂತು ಅಂಚಿನಲ್ಲಿ ಇಲ್ಲದೆ, ಎರಡು ಚಿತ್ರಗಳ ನಡುವೆ ಒಂದೇ ಒಂದು ಇದ್ದರೆ ಅದು 9.5 ಮಿ.ಮೀ. ಫ್ರಾನ್ಸಿನ ಪಾಥೆ ಕಂಪನಿ ಅದನ್ನು 1922ರಲ್ಲಿ ಮಾರಾಟಕ್ಕೆ ತಂದಿತು. ಎರಡೂ ಮನೆಯಲ್ಲಿ ನೋಡುವುದಕ್ಕೆಂದೇ ಮಾಡಿದವು, ಸುಲಭಕ್ಕೆ ಬೆಂಕಿ ಹಿಡಿಯದ ಫಿಲ್ಮು. ಬಿಸ್ಕೀಟ್ ಡಬ್ಬಿಯಲ್ಲಿ ಇರುವುದು ದಪ್ಪ ಅಂದಿರಿ, ಅದು ನನಗೆ ಹೆದರಿಕೆ ಹುಟ್ಟಿಸುತ್ತಿದೆ. ಅದರ ಬಗ್ಗೆ ಇಲ್ಲಿ ನನಗಿಂತ ಚೆನ್ನಾಗಿ ಗೊತ್ತಿರುವವರು ಒಬ್ಬರಿದ್ದಾರೆ, ಅವರು ಹೇಳಲಿ.

ಕಿವಿಯ ವಿಷಯ ಸರಿಯಾಗಿಯೇ ಕೇಳಿದಿರಿ. ಆ ಕಾಲದ ಕಾರ್ಟೂನ್ ಪ್ರಾಣಿಗಳನ್ನು ಕಿವಿಯಿಂದಲೇ ಬೇರೆ ಮಾಡಬೇಕು, ಯಾಕೆಂದರೆ ಹೆಚ್ಚಿನವಕ್ಕೆಲ್ಲ ಮೈ ಕಪ್ಪು, ಮುಖ ಬಿಳಿ. ಮೈಗೆ ಕಪ್ಪು ತುಂಬಿದರೆ ಒಳಗಿನ ಗೆರೆ ಬರೆಯುವ ಕೆಲಸ ಕಮ್ಮಿ, ಪರದೆ ಮೇಲೆ ಎದ್ದೂ ಕಾಣುತ್ತದೆ. ಚೂಪು ಕಿವಿ ಇದ್ದರೆ ಫೀಲಿಕ್ಸ್ ಬೆಕ್ಕು, 1919ರಲ್ಲಿ ಬಂದದ್ದು. ಬೆಕ್ಕಿನ ಪಕ್ಕ ನಿಜವಾದ ಪುಟ್ಟ ಹುಡುಗಿ ಓಡಾಡುತ್ತಿದ್ದರೆ ಅದು ಡಿಸ್ನಿಯ ಆಲಿಸ್ ಸರಣಿ, 1923ರಿಂದ 1927ರ ತನಕ. ದುಂಡು ಕಿವಿ ಮಿಕ್ಕಿ, 1928. ಉದ್ದ ಕಿವಿಯ ಮೊಲ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಓಸ್ವಾಲ್ಡ್.

ಓಸ್ವಾಲ್ಡ್ ಕತೆ ಹೇಳಲೇಬೇಕು. 1927ರಲ್ಲಿ ವಾಲ್ಟ್ ಡಿಸ್ನಿ ಮತ್ತು ಅಬ್ ಐವರ್ಕ್ಸ್ ಸೇರಿ ಹುಟ್ಟಿಸಿದ ಮೊಲ ಇದು. ಹಂಚುತ್ತಿದ್ದದ್ದು ಯೂನಿವರ್ಸಲ್ ಕಂಪನಿ, ನಡುವೆ ಚಾರ್ಲ್ಸ್ ಮಿಂಟ್ಜ್ ಎಂಬ ವ್ಯಾಪಾರಿ. 26 ಚಿತ್ರ ಆದವು, ಜನ ಮೆಚ್ಚಿದರು. 1928ರಲ್ಲಿ ಡಿಸ್ನಿ ಒಂದೊಂದು ಚಿತ್ರಕ್ಕೆ ಇನ್ನೂ ಸ್ವಲ್ಪ ದುಡ್ಡು ಕೇಳಲು ಹೋದರೆ, ಮಿಂಟ್ಜ್ ಇದ್ದದ್ದನ್ನೂ ಕಮ್ಮಿ ಮಾಡುತ್ತೇನೆ ಅಂದರು. ಅಷ್ಟರಲ್ಲಾಗಲೇ ಡಿಸ್ನಿಯ ಹತ್ತಿರ ಇದ್ದ ಹೆಚ್ಚಿನ ಚಿತ್ರಗಾರರನ್ನು ತಮ್ಮ ಕಡೆ ಎಳೆದುಕೊಂಡಿದ್ದರು. ಮೊಲದ ಹಕ್ಕೂ ಡಿಸ್ನಿಯ ಕೈಯಲ್ಲಿ ಇರಲಿಲ್ಲ. ಬರಿಗೈಯಲ್ಲಿ ವಾಪಸ್ ಬಂದರು, ಆಮೇಲೆ ಮಿಕ್ಕಿ ಹುಟ್ಟಿತು. ಆ ಮೊಲ ಡಿಸ್ನಿ ಕಂಪನಿಗೆ ಮರಳಿ ಸಿಕ್ಕಿದ್ದು 2006ರಲ್ಲಿ. ಹಕ್ಕು ಬಂತು, ಚಿತ್ರಗಳು ಎಲ್ಲಿ? ಎಷ್ಟೋ ಚಿತ್ರಗಳಿಗೆ ಒಂದು ಪ್ರತಿಯೂ ಇರಲಿಲ್ಲ.

ಆಮೇಲೆ ಒಂದೊಂದಾಗಿ ಸಿಗತೊಡಗಿದವು. 2011ರಲ್ಲಿ ಇಂಗ್ಲೆಂಡಿನ ಒಂದು ಖಾಸಗಿ ಸಂಗ್ರಹದಲ್ಲಿ ಒಂದು, 2014ರಲ್ಲಿ ನಾರ್ವೆಯ ರಾಷ್ಟ್ರೀಯ ಗ್ರಂಥಾಲಯದಲ್ಲಿ ಒಂದು, 2015ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸಂಗ್ರಹದಲ್ಲಿ ಒಂದು. ನನಗೆ ತುಂಬಾ ಹಿಡಿಸಿದ್ದು 2018ರಲ್ಲಿ ಜಪಾನಿನಲ್ಲಿ ಸಿಕ್ಕಿದ್ದು. ಅಲ್ಲಿನ ಅನಿಮೇಷನ್ ಇತಿಹಾಸಕಾರರೊಬ್ಬರು ಹೈಸ್ಕೂಲ್ ಹುಡುಗ ಆಗಿದ್ದಾಗ ಒಸಾಕಾದ ಆಟಿಕೆ ಅಂಗಡಿಯಲ್ಲಿ 500 ಯೆನ್ ಕೊಟ್ಟು ಒಂದು 16 ಮಿ.ಮೀ. ರೀಲು ತಂದಿದ್ದರು. ಸುಮಾರು ಎರಡು ನಿಮಿಷದ್ದು. ಎಪ್ಪತ್ತು ವರ್ಷ ಮನೆಯಲ್ಲೇ ಇತ್ತು. 84ನೇ ವಯಸ್ಸಿನಲ್ಲಿ, ಓಸ್ವಾಲ್ಡ್ ಸರಣಿಯ ಏಳು ಚಿತ್ರ ಇನ್ನೂ ಸಿಕ್ಕಿಲ್ಲ ಅಂತ ಒಂದು ಪುಸ್ತಕದಲ್ಲಿ ಓದಿ, ಎದ್ದು ಹೋಗಿ ತಮ್ಮ ರೀಲು ನೋಡಿದರು. ಏಳರಲ್ಲಿ ಒಂದು ಅವರ ಮನೆಯಲ್ಲೇ ಇತ್ತು. ಆ ರೀಲಿಗೆ ಇದ್ದ ಹೆಸರು ಏನು ಗೊತ್ತಾ? 'ಮಿಕ್ಕಿ' ಅಂತಲೇ ಶುರುವಾಗುತ್ತಿತ್ತು. ಆಟಿಕೆ ಅಂಗಡಿಯವರಿಗೆ ಮಿಕ್ಕಿ ಅಂದರೆ ಮಾರಾಟ ಸುಲಭ, ಅಷ್ಟೇ. ಹಾಗಾಗಿ ನಿಮ್ಮ ಡಬ್ಬಿಯ ಮೇಲಿನ ಕೈಬರಹವನ್ನು ನಂಬಬೇಡಿ, ಆದರೆ ಅಳಿಸಲೂ ಬೇಡಿ.

ನಿಮ್ಮ ಆಸೆ ತಪ್ಪಲ್ಲ. ಆದರೂ ಎರಡು ಎಚ್ಚರಿಕೆ ಹೇಳುತ್ತೇನೆ. ಡಿಸ್ನಿ ಹೋದ ಮೇಲೂ ಓಸ್ವಾಲ್ಡ್ ನಿಲ್ಲಲಿಲ್ಲ. ಮಿಂಟ್ಜ್ ಕಡೆಯವರು ಮಾಡಿದರು, 1929ರಿಂದ ವಾಲ್ಟರ್ ಲ್ಯಾಂಟ್ಜ್ ಎಷ್ಟೋ ವರ್ಷ ಮಾಡಿದರು. ಮೊಲ ಕಂಡ ಮಾತ್ರಕ್ಕೆ ಡಿಸ್ನಿ ಅಲ್ಲ. ಇನ್ನೊಂದು, ಮನೆ ಯಂತ್ರದ ಹೆಚ್ಚಿನ ರೀಲುಗಳಿಗೆ ಧ್ವನಿಯೇ ಇರುತ್ತಿರಲಿಲ್ಲ. ಮಾತು, ಹಾಡು ಇದ್ದ ಕಾರ್ಟೂನನ್ನೂ ಕತ್ತರಿಸಿ ಮೂಕಿ ಮಾಡಿ ಮಾರುತ್ತಿದ್ದರು. ಹಾಗಾಗಿ ರೀಲು ಮೂಕಿ ಇದೆ ಅಂದರೆ ಚಿತ್ರ ಮೂಕಿ ಕಾಲದ್ದೇ ಅಂತ ಹೇಳಲು ಆಗುವುದಿಲ್ಲ.

ಆಪರೇಟರ್_ಕಾಕಾ, ವಿಜಯಪುರ

(ಅಜ್ಜ ಹೇಳುತ್ತಿದ್ದಾರೆ, ನಾನು ಮೊಮ್ಮಗಳು ಟೈಪ್ ಮಾಡುತ್ತಿದ್ದೇನೆ.)

ತಂಗೀ, ನಾನು ನಲವತ್ತು ವರ್ಷ ಟಾಕೀಸಿನಲ್ಲಿ ಆಪರೇಟರ್ ಇದ್ದವನು. ಮೊದಲು ಟೂರಿಂಗ್ ಟಾಕೀಸು, ಸುಗ್ಗಿ ಮುಗಿದ ಮೇಲೆ ಇಂಡಿ, ಸಿಂದಗಿ, ತಾಳಿಕೋಟೆ ಕಡೆ ಟೆಂಟು ಹಾಕುತ್ತಿದ್ದೆವು. ಆಮೇಲೆ ವಿಜಯಪುರದಲ್ಲೇ ನಿಂತೆ. ಬಿಸ್ಕೀಟ್ ಡಬ್ಬಿಯ ಸುರುಳಿ ಬಗ್ಗೆ ನಾನು ಹೇಳುತ್ತೇನೆ, ಕಿವಿಗೊಟ್ಟು ಕೇಳು.

ಅಗಲ ಎರಡು ಬೆರಳಿನಷ್ಟು ಇದ್ದು, ಒಂದೊಂದು ಚಿತ್ರಕ್ಕೆ ಒಂದೊಂದು ಬದಿಗೆ ನಾಲ್ಕು ತೂತು ಇದ್ದರೆ ಅದು 35, ಟಾಕೀಸಿನ ಫಿಲ್ಮು. 1951ರ ಸುಮಾರಿಗೆ ನೈಟ್ರೇಟ್ ಫಿಲ್ಮು ತಯಾರಿಸುವುದನ್ನು ನಿಲ್ಲಿಸಿದರು. ಅದಕ್ಕಿಂತ ಹಳೆಯದು 35 ಸಿಕ್ಕರೆ ಅದು ನೈಟ್ರೇಟ್ ಅಂತಲೇ ತಿಳಿದುಕೊಂಡು ನಡೆ. ಬಂದೂಕಿನ ಮದ್ದಿಗೆ ಬಳಸುವ ಹತ್ತಿ ಇದೆಯಲ್ಲ, ಅದರ ಜಾತಿಯದೇ ಇದು. ಹೊತ್ತಿಕೊಂಡರೆ ಆರುವುದಿಲ್ಲ. ಉರಿಯಲು ಬೇಕಾದ ಗಾಳಿ ಅದರ ಒಳಗೇ ಇದೆ. ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ.

ನಮ್ಮ ಉಸ್ತಾದರು ಆ ಫಿಲ್ಮು ಓಡಿಸಿದವರು. ಅವರ ಎಡಗೈ ಮೇಲೆ ಮೊಣಕೈ ತನಕ ಸುಟ್ಟ ಗಾಯ ಇತ್ತು. ಕಾರ್ಬನ್ ಕಡ್ಡಿಯ ಬೆಳಕು ಯಂತ್ರದ ಗೇಟಿನ ಮೇಲೆ, ಅಂದರೆ ಫಿಲ್ಮು ಬೆಳಕಿನ ಮುಂದೆ ಹಾಯುವ ಜಾಗದ ಮೇಲೆ, ಬೀಳುವಾಗ ಫಿಲ್ಮು ಒಂದು ಕ್ಷಣ ಸಿಕ್ಕಿಕೊಂಡರೂ ಹೊತ್ತಿಕೊಳ್ಳುತ್ತಿತ್ತು. ಅದಕ್ಕೇ ಆಪರೇಟರ್ ಕೋಣೆಗೆ ಕಬ್ಬಿಣದ ಬಾಗಿಲು, ಮರಳಿನ ಬಕೆಟ್ಟು. ನಾನು ಕೆಲಸಕ್ಕೆ ಸೇರಿದಾಗ ಹೊಸ ಫಿಲ್ಮು ಬಂದಿತ್ತು, ಆದರೂ ಉಸ್ತಾದರು ಕೋಣೆಯೊಳಗೆ ಬೀಡಿ ಬಾಯಿಗೆ ಇಟ್ಟದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ನಿಮ್ಮ ಬಾಗಲಕೋಟೆ ಬಿಸಿಲು ನನಗೆ ಗೊತ್ತು. ಹಾಳಾದ ನೈಟ್ರೇಟು ಬಹಳ ದಿನ ಸೆಕೆಯಲ್ಲೇ ಇದ್ದರೆ 41 ಡಿಗ್ರಿಯ ಹತ್ತಿರ ತಾನಾಗಿಯೇ ಹೊತ್ತಿಕೊಳ್ಳಬಹುದು. ಮೇಲಿನ ಕೋಣೆ, ತಗಡಿನ ಡಬ್ಬಿ, ಬ್ಯಾಸಿಗೆ. ಇಷ್ಟು ವರ್ಷ ಏನೂ ಆಗಿಲ್ಲ ಅಂದರೆ ನಿಮ್ಮ ಪುಣ್ಯ. ಇವತ್ತೇ ಅದನ್ನು ಕೆಳಗೆ ತಾ. ಒಲೆ, ದೇವರ ದೀಪ, ಮೀಟರ್ ಬೋರ್ಡು, ಇನ್ವರ್ಟರ್ ಇವೆಲ್ಲದರಿಂದ ದೂರ, ಜನ ಮಲಗದ, ತಂಪಾದ, ಗಾಳಿ ಆಡುವ ಜಾಗದಲ್ಲಿ ಇಡು. ಮುಚ್ಚಳ ಬಿಗಿಯಾಗಿ ಒತ್ತಬೇಡ, ಒಳಗಿನ ಗಾಳಿ ಹೊರಗೆ ಹೋಗಲಿ. ಅಂಟಿಕೊಂಡಿದ್ದರೆ ಬಿಡಿಸಬೇಡ. ಒಂದು ಚೂರು ಕತ್ತರಿಸಿ ಸುಟ್ಟು ನೋಡಿದರೆ ತಿಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡ. ಬಸ್ಸಿನಲ್ಲಿ, ರೈಲಿನಲ್ಲಿ, ಕೊರಿಯರಿನಲ್ಲಿ ಎಲ್ಲಿಗೂ ಕಳಿಸಬೇಡ. ಬೇಕಾದವರು ಬಂದು ನೋಡಲಿ.

ನವನಗರದ_ಹುಡುಗಿ, ಬಾಗಲಕೋಟೆ

ಕಾಕಾ, ನಿಮ್ಮ ಮಾತು ಓದಿದ ಕೂಡಲೇ ಎದ್ದು ಹೋಗಿ ಡಬ್ಬಿ ಕೆಳಗೆ ತಂದೆ. ಹಿತ್ತಲಿನ ಕೋಣೆಯಲ್ಲಿ, ನೆಲದ ಮೇಲೆ ಇಟ್ಟಿದ್ದೇನೆ. ಅಲ್ಲಿ ಕರೆಂಟೇ ಇಲ್ಲ. ನೀವು ಹೇಳಿದಂತೆ ಒಂದೊಂದು ಬದಿಗೆ ನಾಲ್ಕು ತೂತು ಇವೆ. ಸುರುಳಿ ಅರ್ಧ ಗಟ್ಟಿ ಬೆಲ್ಲದ ಹಾಗೆ ಅಂಟಿಕೊಂಡಿದೆ, ಅಂಚಿನಲ್ಲಿ ಕಂದು ಪುಡಿ ಇದೆ. ಇದನ್ನು ನೋಡಿ ಅಪ್ಪನೂ ಹೆದರಿದರು. ಮೋಡಕಾ ಮಾತು ಈಗ ಎತ್ತುತ್ತಿಲ್ಲ.

ಸಣ್ಣ ರೀಲು ಆರೂ 16 ಮಿ.ಮೀ., ಎರಡೂ ಕಡೆ ತೂತು. ಒಂದು ರೀಲು ಉಪ್ಪಿನಕಾಯಿಯ ವಿನೆಗರ್ ವಾಸನೆ ಬರುತ್ತಿದೆ. ಉಳಿದವು ಚೆನ್ನಾಗಿವೆ. ಉದ್ದ ಕಿವಿಯದ್ದು ಚೆನ್ನಾಗಿರುವುದರಲ್ಲೇ ಇದೆ.

ಖಣದ_ಅಂಗಡಿ, ಗುಳೇದಗುಡ್ಡ

ನಿಮ್ಮ ಮುತ್ತಜ್ಜನ ವ್ಯಾಪಾರದ ಸುದ್ದಿ ಓದಿ ಖುಷಿ ಆಯಿತು, ನಮ್ಮ ಮನೆಯವರೂ ಹಾಗೇ ತಿರುಗಿದವರು. ಮುಂಬೈಗೆ ಹೋದವರು ಮನೆಗೆ ಏನಾದರೂ ಒಂದು ವಿಚಿತ್ರ ಸಾಮಾನು ತರಲೇಬೇಕಿತ್ತು. ನಮ್ಮಲ್ಲಿ ಒಂದು ಗ್ರಾಮೋಫೋನ್ ಇತ್ತು.

ನನ್ನ ಪ್ರಶ್ನೆ ನೇರವಾಗಿ ಕೇಳುತ್ತೇನೆ. ಇಷ್ಟು ಅಪರೂಪದ್ದು ಅಂದರೆ ಹೊರದೇಶದಲ್ಲಿ ಒಳ್ಳೆ ಬೆಲೆ ಬರುತ್ತದೆ ಅಲ್ವಾ? ಆನ್‌ಲೈನಿನಲ್ಲಿ ಹರಾಜಿಗೆ ಇಟ್ಟರೆ ಏನು ತಪ್ಪು? ಪುಣೆಯ ಚಲನಚಿತ್ರ ಸಂಗ್ರಹಾಲಯಕ್ಕೆ ಕೊಟ್ಟರೆ ಅವರ ಕಪಾಟಿನಲ್ಲಿ ಇನ್ನೊಂದು ಐವತ್ತು ವರ್ಷ ಮಲಗುತ್ತದೆ. ಅದೂ ಅಮೆರಿಕದ ಮೊಲ. ನಮ್ಮದೇ ಮೂಕಿ ಚಿತ್ರಗಳು ಉಳಿದಿಲ್ಲದಿರುವಾಗ ನಾವು ಯಾಕೆ ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು?

ಟಿಳಕವಾಡಿ_ಚಿತ್ರಗಾರ, ಬೆಳಗಾವಿ

ಅಣ್ಣಾರ, ಮಾರುವುದು ತಪ್ಪು ಅಂತ ನಾನು ಹೇಳುವುದಿಲ್ಲ. 2011ರಲ್ಲಿ ಸಿಕ್ಕ ಓಸ್ವಾಲ್ಡ್ ರೀಲು ಹರಾಜಿಗೆ ಹೋಗಿತ್ತು. ಆದರೆ ಮಾರುವ ಮೊದಲು ಅದು ಏನು ಅಂತ ತಿಳಿಯಬೇಕು, ಒಂದು ಒಳ್ಳೆ ಡಿಜಿಟಲ್ ಪ್ರತಿ ಆಗಬೇಕು. ಕಣ್ಣು ಮುಚ್ಚಿಕೊಂಡು ಮಾರಿದರೆ ಬೆಲೆಯೂ ಬರುವುದಿಲ್ಲ, ಚಿತ್ರವೂ ಇನ್ನೊಬ್ಬರ ಟ್ರಂಕಿಗೆ ಹೋಗುತ್ತದೆ.

ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಕೇಳಿದಿರಿ. ಕಾರ್ಟೂನ್ ಅಂದರೆ ಆಗ ಮುಖ್ಯ ಚಿತ್ರದ ಮೊದಲು ತೋರಿಸುವ ಐದಾರು ನಿಮಿಷದ ಸಾಮಾನು. ಪ್ರತಿ ಸವೆಯುವ ತನಕ ಓಡಿಸಿ ಬಿಸಾಡುತ್ತಿದ್ದರು. ಬರೆದ ಹಾಳೆ ಎಸೆಯುತ್ತಿದ್ದರು, ಸೆಲ್ಯುಲಾಯ್ಡ್ ಹಾಳೆಯನ್ನು ತೊಳೆದು ಮತ್ತೆ ಅದರ ಮೇಲೇ ಬರೆಯುತ್ತಿದ್ದರು. 1930ರ ಹೊತ್ತಿಗೆ ಮಾತಿನ ಚಿತ್ರ ಬಂದ ಮೇಲೆ ಮೂಕಿಗೆ ಕಾಸಿನ ಬೆಲೆ ಇಲ್ಲ. ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ, ಅದಕ್ಕಾಗಿ ಕರಗಿಸಿದವರು ಎಷ್ಟೋ ಜನ. ಯೂನಿವರ್ಸಲ್ ತನ್ನ ಹತ್ತಿರ ಉಳಿದಿದ್ದ ಮೂಕಿ ನೆಗೆಟಿವ್‌ಗಳನ್ನು 1948ರಲ್ಲಿ ತಾನೇ ನಾಶ ಮಾಡಿತು. ಇನ್ನು ಬೆಂಕಿ. 1913ರಲ್ಲಿ ಎಮಿಲ್ ಕೋಲ್ ಎಂಬ ಫ್ರೆಂಚ್ ಕಲಾವಿದ ಅಮೆರಿಕದ ಫೋರ್ಟ್ ಲೀಯಲ್ಲಿ ಕುಳಿತು, ಪತ್ರಿಕೆಯಲ್ಲಿ ಬರುತ್ತಿದ್ದ ಒಂದು ಗಂಡ-ಹೆಂಡತಿ-ಮಗುವಿನ ವ್ಯಂಗ್ಯಚಿತ್ರವನ್ನು ಕಾರ್ಟೂನ್ ಸರಣಿ ಮಾಡಿದರು. ಜಗತ್ತಿನ ಮೊದಲ ಕಾರ್ಟೂನ್ ಸರಣಿಗಳಲ್ಲಿ ಒಂದು ಅದು. 1914ರ ಮಾರ್ಚಿನಲ್ಲಿ ಕಂಪನಿಗೆ ಬೆಂಕಿ ಬಿತ್ತು, ಸರಣಿ ಹೆಚ್ಚುಕಮ್ಮಿ ಪೂರ್ತಿ ಹೋಯಿತು.

ಕಂಪನಿಗಳ ಉಗ್ರಾಣದಲ್ಲಿ ಇದ್ದದ್ದು ಹೀಗೆ ಹೋಯಿತು. ಉಳಿದದ್ದು ಎಲ್ಲಿ ಅಂತ ನೋಡಿ. ನಾರ್ವೆ. ಒಸಾಕಾದ ಆಟಿಕೆ ಅಂಗಡಿ. ಕೆನಡಾದ ಉತ್ತರ ಮೂಲೆಯ ಡಾಸನ್ ಸಿಟಿಯಲ್ಲಿ 1978ರಲ್ಲಿ ನೆಲ ಅಗೆದಾಗ, ಹಳೇ ಈಜುಕೊಳಕ್ಕೆ ತುಂಬಿದ್ದ ಮಣ್ಣಿನ ಅಡಿ 500ಕ್ಕೂ ಹೆಚ್ಚು ರೀಲು ಸಿಕ್ಕವು. ಅದು ಚಿತ್ರಗಳ ಕೊನೆಯ ನಿಲ್ದಾಣ. ವಾಪಸ್ ಕಳಿಸುವ ಖರ್ಚು ಜಾಸ್ತಿ ಅಂತ ಅಲ್ಲೇ ಬಿಟ್ಟಿದ್ದರು. ದಾರಿ ಮುಗಿಯುವ ಊರಿನಲ್ಲಿ, ಮನೆಗೆಂದು ಕೊಂಡ ಸಣ್ಣ ರೀಲಿನಲ್ಲಿ, ಇಂಥವು ಉಳಿಯುತ್ತವೆ. ಬಾಗಲಕೋಟೆಯ ಟ್ರಂಕು ಅಂದ ಕೂಡಲೇ ನಾನು ಕುರ್ಚಿಯಿಂದ ಎದ್ದದ್ದು ಅದಕ್ಕೇ.

ನಮ್ಮದರ ಬಗ್ಗೆ ನಿಮ್ಮ ಸಂಕಟ ನನ್ನದೂ ಹೌದು. ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರ ಈ ದೇಶದಲ್ಲಿ ಆದವು, ಪೂರ್ತಿಯೋ ತುಣುಕೋ ಉಳಿದದ್ದು ಬೆರಳೆಣಿಕೆಯಷ್ಟು. ಫಾಲ್ಕೆಯವರು ಬೆಂಕಿಕಡ್ಡಿಗಳನ್ನು ಒಂದೊಂದು ಚೂರು ಸರಿಸಿ, ಒಂದೊಂದು ಚಿತ್ರ ತೆಗೆದು, ಕಡ್ಡಿಗಳೇ ಆಡುವ ಹಾಗೆ ಒಂದು ಸಣ್ಣ ಚಿತ್ರ ಮಾಡಿದ್ದರು, 1915ರ ಆಸುಪಾಸು. ಅದು ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರದ್ದು, ಚಿತ್ರೀಕರಣ ಆದದ್ದು ನಮ್ಮ ಬೆಳಗಾವಿಗೆ ಹತ್ತಿರದ ಕೊಲ್ಹಾಪುರದಲ್ಲಿ. ಅದರ ಒಂದು ಪ್ರತಿಯೂ ಇಲ್ಲ. ಅಂಥದ್ದು ಯಾವುದೋ ನಾರ್ವೆಯಲ್ಲಿ, ಜಪಾನಿನಲ್ಲಿ ಯಾರದೋ ಮನೆಯಲ್ಲಿ ಸಿಕ್ಕರೆ ಅವರು ಅದನ್ನು ಬಿಸಾಡದೆ ನಮಗೆ ಹೇಳಲಿ ಅಂತ ನಾವು ಬಯಸುತ್ತೇವೆ ಅಲ್ವಾ? ನಾವೂ ಅಷ್ಟೇ ಮಾಡಬೇಕು.

ಈಗ ಮುಂದಿನ ಕೆಲಸ. ವಿನೆಗರ್ ವಾಸನೆಯ ರೀಲನ್ನು ಬೇರೆ ಇಡಿ. ಆ ಹುಳಿ ಗಾಳಿ ಉಳಿದವಕ್ಕೂ ತಗಲುತ್ತದೆ. ಉದ್ದ ಕಿವಿಯ ರೀಲನ್ನು ಸಡಿಲ ಮಾಡಿ, ಎಳೆಯಬೇಡಿ, ಒಂದೆರಡು ಅಡಿ ಮಾತ್ರ. ಅಂಚನ್ನಷ್ಟೇ ಹಿಡಿಯಿರಿ. ಇನ್ನೊಂದು ಮೊಬೈಲಿನಲ್ಲಿ ಬರೀ ಬಿಳಿ ಪರದೆ ತೆರೆದು, ಅದರ ಮೇಲೆ ಸ್ವಲ್ಪ ಎತ್ತರದಲ್ಲಿ ಫಿಲ್ಮು ಹಿಡಿದು ಫೋಟೋ ತೆಗೆಯಿರಿ. 16 ಮಿ.ಮೀ. ಫಿಲ್ಮಿನಲ್ಲಿ ಒಂದು ಅಡಿಗೆ 40 ಚಿತ್ರ, ಹಾಗಾಗಿ ಒಂದು ಅಡಿ ಸಾಕು. ಅಂಚಿನಲ್ಲಿ ಸಣ್ಣ ಚೌಕ, ತ್ರಿಕೋನ, ದುಂಡು ಗುರುತು ಇದೆಯಾ ನೋಡಿ. ಕೊಡಾಕ್ ಫಿಲ್ಮಾದರೆ ಅದು ತಯಾರಾದ ವರ್ಷದ ಗುರುತು. ಅದೇ ಗುರುತು 20 ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ, ಆದರೆ ನಿಮ್ಮದರಲ್ಲಿ ಗೊಂದಲ ಆಗುವುದಿಲ್ಲ ಅನ್ನಿಸುತ್ತದೆ. ಇವನ್ನೆಲ್ಲ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆದು ಕಳಿಸಿ, ಬಿಸ್ಕೀಟ್ ಡಬ್ಬಿಯ ವಿಷಯ ಮೊದಲ ಸಾಲಿನಲ್ಲೇ ಬರೆಯಿರಿ. ಸಣ್ಣ ರೀಲುಗಳನ್ನು ಬೇಕಾದರೆ ನಾನೇ ರಾತ್ರಿ ಬಸ್ಸಿಗೆ ತೆಗೆದುಕೊಂಡು ಹೋಗುತ್ತೇನೆ. ಬೆಳಿಗ್ಗೆ ಪುಣೆ.

ಒಂದು ಕೆಲಸ ಮಾತ್ರ ಇವೆಲ್ಲಕ್ಕಿಂತ ಮೊದಲು ಮಾಡಿ. ಅಜ್ಜಿಗೆ ಫೋಟೋ ತೋರಿಸಬೇಡಿ. ಏನೂ ತೋರಿಸದೆ, ಆ ದೀಪಾವಳಿಯಲ್ಲಿ ಏನು ಕಂಡಿರಿ ಅಂತ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ರೆಕಾರ್ಡ್ ಮಾಡಿ. ನಿಮ್ಮ ರೀಲಿನ ಶುರು ಹರಿದು ಹೋಗಿದೆ. ಅದನ್ನು ನೋಡಿದವರು ಈಗ ಅವರೊಬ್ಬರೇ.

ನವನಗರದ_ಹುಡುಗಿ, ಬಾಗಲಕೋಟೆ

ನಿನ್ನೆ ಸಂಜೆ ಅಜ್ಜಿಯ ಹತ್ತಿರ ಕುಳಿತೆ. ಏನೂ ತೋರಿಸಲಿಲ್ಲ. ರೆಕಾರ್ಡ್ ಮಾಡಿದ್ದನ್ನು ಹಾಗೇ ಬರೆದಿದ್ದೇನೆ, ನೀವು ಹೇಳಿದಂತೆ ಒಂದು ಮಾತೂ ತಿದ್ದಿಲ್ಲ.

"ಮೊದ್ಲ ಒಂದು ಕೈ ಬರ್ತಿತ್ತು. ಖರೇ ಕೈ, ಮನಶ್ಯಾರ ಕೈ, ಅಂಗಿ ತೋಳು ಕಾಣ್ತಿತ್ತು. ಅದು ಲೆಕ್ಕಣಿಕಿ ಹಿಡಕೊಂಡು ಬರೀತಿತ್ತು. ಬರದದ್ದು ಎದ್ದು ನಿಂತು ಆ ಕೈಗೇ ಕಡ್ಯಾಕ ಹೋಗ್ತಿತ್ತು. ನಾವು ಹೆಣ್ಮಕ್ಳು ಸೆರಗು ಬಾಯಿಗಿಟ್ಕೊಂಡು ನಕ್ಕಿದ್ದ ನಕ್ಕಿದ್ದು. ನಿಮ್ಮ ಮುತ್ಯಾ ಮತ್ತೊಮ್ಮಿ ಬಿಡ್ರಿ ಅಂತ ಅವ್ರ ಅಪ್ಪಗ ಹೇಳಿದ್ರು."

ಮುತ್ಯಾ ಅಂದರೆ ನಮ್ಮ ಅಜ್ಜ, ಅಜ್ಜಿಯ ಗಂಡ. ಅದು ಯಾವ ಪ್ರಾಣಿ ಅಂತ ಕೇಳಿದೆ. ತಕ್ಷಣ "ನಾಯಿಮರಿ" ಅಂದರು. ಮೊಲ ಅಲ್ವಾ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತಾ?

ಟಿಳಕವಾಡಿ_ಚಿತ್ರಗಾರ, ಬೆಳಗಾವಿ

ಕೇಳದೆ ಇದ್ದದ್ದೇ ಒಳ್ಳೆಯದಾಯಿತು. ನನ್ನ ಓಸ್ವಾಲ್ಡ್ ಅಂದಾಜು ಬಿಟ್ಟುಬಿಡಿ.

ನಿಜವಾದ ಕೈ ಬಂದು ಚಿತ್ರ ಬರೆಯುವುದು ಮೂಕಿ ಕಾರ್ಟೂನಿನ ಹಳೇ ಪದ್ಧತಿ. ಕೋಲ್ 1908ರಲ್ಲೇ ಅದನ್ನು ಮಾಡಿದ್ದರು. 1920ರ ಹೊತ್ತಿಗೆ ಎರಡು ಕಡೆ ಇದು ಜಾಸ್ತಿ ಕಾಣುತ್ತದೆ. ಒಂದು ಫ್ಲೈಷರ್ ಅಣ್ಣತಮ್ಮಂದಿರ ಕೊಕೊ ವಿದೂಷಕ, ಮಸಿ ಕುಡಿಕೆಯಿಂದ ಎದ್ದು ಬರುವವನು, ಅವನ ಜೊತೆಗೂ ಒಂದು ನಾಯಿ ಇದೆ. ಇನ್ನೊಂದು ನ್ಯೂಯಾರ್ಕಿನ ಬ್ರೇ ಸ್ಟುಡಿಯೋ. ಅಲ್ಲಿ ವಾಲ್ಟರ್ ಲ್ಯಾಂಟ್ಜ್, ನಾನು ಮೇಲೆ ಹೇಳಿದ ಅದೇ ಲ್ಯಾಂಟ್ಜ್, 1924ರಿಂದ ಡಿಂಕಿ ಡೂಡಲ್ ಎಂಬ ಹುಡುಗ ಮತ್ತು ಅವನ ನಾಯಿಯ ಸರಣಿ ಮಾಡಿದರು. ಆಮೇಲೆ 1926, 27ರಲ್ಲಿ ಪೀಟ್ ಎಂಬ ನಾಯಿಮರಿಯದೇ ಒಂದು ಸರಣಿ. ಲ್ಯಾಂಟ್ಜ್ ತಾವೇ ಕಾಣಿಸಿಕೊಂಡು ಬರೆದ ಪ್ರಾಣಿಯ ಜೊತೆ ಜಗಳ ಆಡುತ್ತಿದ್ದರು. ಬ್ರೇ ಸ್ಟುಡಿಯೋ 1927ರಲ್ಲಿ ಕಾರ್ಟೂನ್ ನಿಲ್ಲಿಸಿತು. ಅವರ ಸರಣಿಗಳಲ್ಲಿ ಎಷ್ಟೋ ಚಿತ್ರ ಇಲ್ಲವಾಗಿವೆ, ಉಳಿದವು ಬಹಳಷ್ಟು ಉಳಿದದ್ದು ನಿಮ್ಮ ಹತ್ತಿರ ಇರುವಂಥ 16 ಮಿ.ಮೀ. ಮನೆ ರೀಲುಗಳಿಂದಲೇ. ಬ್ರೇ ಕಾರ್ಟೂನ್‌ಗಳನ್ನೇ ಹುಡುಕಿ ಪಟ್ಟಿ ಮಾಡುವ ಸಂಗ್ರಾಹಕರು ನ್ಯೂಯಾರ್ಕಿನಲ್ಲಿದ್ದಾರೆ, ಅವರಿಗೂ ನಾನು ಇವತ್ತು ಬರೆಯುತ್ತೇನೆ.

ಒಂದೇ ಒಂದು ಪ್ರಶ್ನೆ. ಫೋಟೋದಲ್ಲಿ ಕಿವಿ ಮೇಲೆ ನಿಂತಿದೆಯಾ, ಕೆಳಗೆ ಜೋತಿದೆಯಾ?

ನವನಗರದ_ಹುಡುಗಿ, ಬಾಗಲಕೋಟೆ

ಮೊದಲ ದಿನ ನಾನು ನೋಡಿದ ಒಂದೆರಡು ಚಿತ್ರದಲ್ಲಿ ಅದು ಜಿಗಿಯುತ್ತಿತ್ತು, ಅದಕ್ಕೇ ಕಿವಿ ಮೇಲೆ ಹೋಗಿತ್ತು. ಈಗ ಒಂದು ಅಡಿ ಪೂರ್ತಿ ಫೋಟೋ ತೆಗೆದೆ, ನಲವತ್ತೂ ಚಿತ್ರ ಎಣಿಸಿದೆ. ಹದಿನೇಳನೆಯದರಲ್ಲಿ ಕಾಲು ನೆಲಕ್ಕೆ ಮುಟ್ಟುತ್ತದೆ. ಅಲ್ಲಿಂದ ಕಿವಿ ಇಳಿಯುತ್ತಾ ಬಂದು, ಇಪ್ಪತ್ತೆರಡರ ಹೊತ್ತಿಗೆ ಎರಡೂ ಕೆಳಗೆ ಜೋತಿವೆ.

ಅಂಚಿನಲ್ಲಿ ಒಂದು ಗುರುತೂ ಇದೆ. ಫೋಟೋ ಎಲ್ಲ ಕಳಿಸಿದ್ದೇನೆ, ಪುಣೆಗೂ ನಿಮಗೂ. ಇವತ್ತು ಮಧ್ಯಾಹ್ನ ಅಜ್ಜಿಗೂ ತೋರಿಸಿದೆ. ಕನ್ನಡಕ ಹಾಕಿಕೊಂಡು, ಮೊಬೈಲನ್ನು ಮುಖದ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು. "ಇದ ಅದು. ಆದ್ರ ಕೈ ಎಲ್ಲಿ?" ಅಂತ ಕೇಳಿದರು.